ಮಾರ್ಬಲಿಗೆ ದನಿ ಕೊಟ್ಟ ಬೇಸಿಗೆ

ಗೃಹಪ್ರವೇಶದ ಊಟಕ್ಕೆ ಕೂತರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಾಳೆಲೆ ಹಾಕುವ ಮೊದಲೇ ಬೆರಳ ಗೆಣ್ಣಿನಿಂದ ನೆಲವನ್ನು ಒಮ್ಮೆ ತಟ್ಟಿ, ಕಿವಿಗೊಟ್ಟು, ಆ ಸದ್ದನ್ನು ಬಾಯೊಳಗೇ ಒಮ್ಮೆ ಹೇಳಿಕೊಳ್ಳುತ್ತೇನೆ. ಪಂಜದ ಹತ್ತಿರ ಒಂದು ಮನೆಯಲ್ಲಿ ಬಡಿಸುವವರು ನನ್ನ ಎದುರು ನಿಂತು, ಸ್ವಲ್ಪ ತಡೀರಿ ಮಾರಾಯ್ರೆ, ಅನ್ನ ಬರ್ತಾ ಉಂಟು ಎಂದು ಸಮಾಧಾನ ಹೇಳಿದ್ದರು. ನಾನು ತಟ್ಟಿದ್ದು ಹಸಿವಿಗಲ್ಲ. ಕಲ್ಲಿನ ಅಡಿಯಲ್ಲಿ ಪೊಳ್ಳಿದೆಯೇ ಎಂದು ನೋಡುವ ಚಟ ಅದು. ಹತ್ತಿಸಿದವರು ಒಬ್ಬ ಮೇಸ್ತ್ರಿ. ಅವರ ಊರಿನ ಮಸೀದಿಗೆ ಬಿಳಿ ಮಾರ್ಬಲ್ ಹಾಕಿದ ಆ ಬೇಸಿಗೆ ನೆನಪಾದರೆ ಈಗಲೂ ನನ್ನ ಮೂಗಿಗೆ ಒದ್ದೆ ಕಲ್ಲುಪುಡಿಯ ವಾಸನೆ ಬರುತ್ತದೆ.

ಆಗ ನಾನು ಪುತ್ತೂರಿನ ಒಂದು ಮಾರ್ಬಲ್ ಅಂಗಡಿಯಲ್ಲಿದ್ದೆ. ನನ್ನ ಹುದ್ದೆಗೆ ಧಣಿಗಳು ಸೂಪರ್‌ವೈಸರ್ ಎಂದು ಹೆಸರಿಟ್ಟಿದ್ದರು. ನನ್ನ ಕೆಳಗೆ ಯಾರೂ ಇರಲಿಲ್ಲ ಎಂಬುದು ಬೇರೆ ಮಾತು. ಮಂಡೆಕೋಲಿನ ಅರೆಭಾಷೆ ಗೌಡರ ಮನೆಯವನಾದ ನನ್ನನ್ನು ಅವರು ಸೇರಿಸಿಕೊಂಡದ್ದು ಹಿಂದಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ನಿಜ ಹೇಳಬೇಕೆಂದರೆ ನನಗೆ ಬರುತ್ತಿದ್ದದ್ದು ಹಿಂದಿಯಲ್ಲ, ಹಿಂದಿ ಮಾತಾಡುವವರ ಮಿಮಿಕ್ರಿ. ಧಣಿಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಮುಂದೆ ರಾಜಸ್ಥಾನದವರಿಗೆ ಗೊತ್ತಾಯಿತು.

ಅಂಗಡಿಯಲ್ಲಿ ನನ್ನ ಬಾಯಿಗೆ ಸಿಗದವರಿರಲಿಲ್ಲ. ಧಣಿಗಳು ಫೋನಿಡುವ ಮೊದಲು ಹಾಂ ಹಾಂ ಎನ್ನುತ್ತ ಕುರ್ಚಿಯಿಂದ ಅರ್ಧ ಎದ್ದು ನಿಲ್ಲುವುದು, ಕಲ್ಲು ನೋಡಲು ಬಂದ ದಂಪತಿ ಒಬ್ಬರ ಆಯ್ಕೆಯನ್ನು ಇನ್ನೊಬ್ಬರು ಮೆಲ್ಲಗೆ ಬದಿಗೆ ಸರಿಸುವುದು, ರಜೆ ಕೇಳುವಾಗ ನನ್ನದೇ ದನಿ ಹಾಲಿಗೆ ಬಿಡದ ಕರುವಿನ ಹಾಗೆ ಆಗುವುದು, ಎಲ್ಲವೂ ನನ್ನ ಐಟಂಗಳು. ಆದರೆ ಅಂಗಡಿಯವರು ಕೇಳಿ ಕೇಳಿ ಮಾಡಿಸುತ್ತಿದ್ದದ್ದು ಕಾಕನ ಐಟಂ.

ಕಾಕ ಎಂದರೆ ನಮ್ಮ ಮೇಸ್ತ್ರಿ. ಕೋಡಿಂಬಾಳ ದಾಟಿ ಒಳಗೆ ಹೋಗುವ ಒಂದು ಊರಿನ ಬ್ಯಾರಿ. ಗಣಿಗೆ ಹೋಗಿ ಬಂಡೆ ಆರಿಸುವವರೂ ಅವರೇ, ಮುಖ್ಯ ಕೆಲಸಗಳಿಗೆ ನೆಲ ಹಾಕುವವರೂ ಅವರೇ. ಮೊಣಕಾಲಿಗೆ ಹಳೆ ಟಯರಿನ ತುಂಡು ಕಟ್ಟಿ ಕೂತು, ಸಣ್ಣ ಸುತ್ತಿಗೆಯಿಂದ ಕಲ್ಲನ್ನು ತಟ್ಟಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಸುತ್ತ ನಿಂತವರೆಲ್ಲ ಕಾದು ಸುಸ್ತಾದ ಮೇಲೆ ಅವರು ಒಂದೇ ಮಾತು ಹೇಳುವುದು, ಒಳ್ಳೇದುಂಟು. ಒಳಗೆ ಬಿರುಕಿಲ್ಲದ ಕಲ್ಲು ಸ್ಟೀಲ್ ಚೆಂಬಿಗೆ ಹೊಡೆದ ಹಾಗೆ ಠಣ್ ಎನ್ನುತ್ತದೆ. ಬಿರುಕಿದ್ದರೆ ಸದ್ದು ಅಲ್ಲೇ ಸತ್ತು ಡಬ್ ಎನ್ನುತ್ತದೆ. ಕಾಕ ಒಳ್ಳೇದು ಎಂದ ಬಂಡೆ ಸ್ಲ್ಯಾಬ್ ಆಗಿ ಬಂದಾಗ ಒಡೆದದ್ದಿಲ್ಲ ಎಂಬುದು ನಮ್ಮ ಅಂಗಡಿಯ ಹೆಗ್ಗಳಿಕೆ.

ಆ ವರ್ಷ ಕಾಕನ ಊರಿನ ಮಸೀದಿಗೆ, ಅವರ ಬಾಯಲ್ಲಿ ಪಳ್ಳಿಗೆ, ಹೊಸ ನೆಲ ಹಾಕಿಸಲು ಜಮಾಅತಿನವರು ತೀರ್ಮಾನಿಸಿದರು. ಬಿಳಿ ಮಾರ್ಬಲ್, ನಮಾಜಿಗೆ ಸಾಲಾಗಿ ನಿಲ್ಲಲು ನಡುನಡುವೆ ಕಪ್ಪು ಕಲ್ಲಿನ ಪಟ್ಟಿ. ಸುಳ್ಯದಿಂದ ಉಪ್ಪಿನಂಗಡಿಯವರೆಗೆ ಯಾರ್ಯಾರದೋ ಮನೆಗೆ ನೆಲ ಹಾಕಿದ ಕಾಕನಿಗೆ ತಾನು ಓದಲು ಕಲಿತ ಜಾಗಕ್ಕೆ ಒಮ್ಮೆ ಹಾಕಬೇಕು ಎಂಬ ಆಸೆ ಎಷ್ಟಿತ್ತೆಂದರೆ, ಆ ಸುದ್ದಿ ಬಂದ ದಿನ ಅವರು ನನಗೆ ಕೇಳದೆಯೇ ಚಹಾ ಕುಡಿಸಿದರು. ಧಣಿಗಳ ಹತ್ತಿರ ಹೊಸ ಮೆಷಿನುಗಳ ಇನ್ನೊಂದು ತಂಡವೂ ಇತ್ತು. ಅವರೂ ಈ ಕೆಲಸಕ್ಕೆ ಕಣ್ಣು ಹಾಕಿದ್ದರು. ಧಣಿಗಳು ಕಾಕನಿಗೇ ಕೊಟ್ಟರು. ಬಂಡೆ ನೋಡಲು ರಾಜಸ್ಥಾನಕ್ಕೆ ಕಾಕ, ಮಾತಾಡಲು ನಾನು ಎಂದಾಯಿತು.

ರೈಲು ಮಂಗಳೂರು ಬಿಟ್ಟು ಒಂದೆರಡು ಸೇತುವೆ ದಾಟುವಷ್ಟರಲ್ಲಿ ನಾನು ಬೋಗಿಯಲ್ಲಿ ಅಂಗಡಿ ತೆರೆದಿದ್ದೆ. ಟಿಕೆಟ್ ನೋಡುವವರ ಐಟಂ ಆಯಿತು, ಚಹಾ ಮಾರುವವರದ್ದು ಆಯಿತು. ಕೊನೆಗೆ ಕಾಕನ ಎದುರೇ ಕಾಕನನ್ನು ಮಾಡಿದೆ. ಬೋಗಿ ನಕ್ಕಿತು. ಕಾಕನೂ ನಕ್ಕರು, ಆದರೆ ಒಂದು ಕ್ಷಣ ತಡವಾಗಿ.

ಮಿಮಿಕ್ರಿ ಮಾಡುವವನಿಗೆ ಬೇರೆ ಏನು ಗೊತ್ತಿಲ್ಲದಿದ್ದರೂ ನಗು ಯಾವಾಗ ಬರುತ್ತದೆ ಎಂಬುದು ಗೊತ್ತಿರುತ್ತದೆ. ಕಾಕ ಮೊದಲು ಪಕ್ಕದವರ ಮುಖ ನೋಡಿದರು, ಮತ್ತೆ ಎದುರಿನವರ ಮುಖ ನೋಡಿದರು, ಆಮೇಲೆ ನಕ್ಕರು. ಇನ್ನೊಮ್ಮೆ ಮಾಡಿ ನೋಡಿದೆ, ಈ ಸಲ ದನಿ ತಗ್ಗಿಸಿ. ಮತ್ತೆ ಅಷ್ಟೇ ತಡವಾಗಿ ನಕ್ಕರು. ಅಂಗಡಿಯಲ್ಲಿ ವರ್ಷಗಟ್ಟಲೆ ಅವರು ಹಾಗೆಯೇ ನಕ್ಕಿದ್ದರು. ನನ್ನ ಕಲೆಯ ಗುಂಗಿನಲ್ಲಿ ನಾನು ಗಮನಿಸಿರಲಿಲ್ಲ.

ಕೈ ತೊಳೆಯುವ ಜಾಗದಲ್ಲಿ ಅವರನ್ನು ಹಿಡಿದೆ. "ಕಾಕ, ನಾನು ಎಂತ ಹೇಳಿದ್ದು ಅಂತ ನಿಮಗೆ ಕೇಳಿತಾ?"

ಅವರು ನನ್ನ ತುಟಿ ನೋಡುತ್ತಿದ್ದರು. "ಹತ್ತಿರ ನಿಂತು ಮಾತಾಡಿದ್ರೆ ಕೇಳ್ತದೆ. ಕಲ್ಲಿನ ದನಿ ಕೇಳುದಿಲ್ಲ ಮೋನೇ. ಪಾಲಿಶ್ ಮೆಷಿನ್ ಹಿಡಿದು ಹಿಡಿದು ಮೊದಲು ಹೋದದ್ದೇ ಅದು."

"ಧಣಿಗಳಿಗೆ ಗೊತ್ತುಂಟಾ?"

"ಗೊತ್ತಾದ್ರೆ ಬಂಡೆ ನೋಡ್ಲಿಕ್ಕೆ ನನ್ನನ್ನು ಯಾಕೆ ಕಳಿಸ್ತಾರೆ? ನಮ್ಮ ಪಳ್ಳಿಯ ನೆಲ ಬೇರೆಯವರ ಕೈಗೆ ಹೋಗ್ತದೆ. ಅದೊಂದು ಮುಗಿಯುವವರೆಗೆ ನೀನು ಬಾಯಿ ಮುಚ್ಚಿಕೊಂಡಿರು."

ನನಗೆ ಬಾಯಿ ಮುಚ್ಚಲು ಹೇಳಿದವರಲ್ಲಿ ಕಾಕ ಮೊದಲನೆಯವರೇನಲ್ಲ. ಮುಚ್ಚಿದ್ದು ಮಾತ್ರ ಅದೇ ಮೊದಲು. ಹಿಂದಿನ ಒಂದೆರಡು ಬಂಡೆಗಳನ್ನು ಹೇಗೆ ಆರಿಸಿದಿರಿ ಎಂದು ಕೇಳಿದಾಗ, ನೀರು ಹೊಯ್ದು ನೋಡಿದೆ, ಕೈಯಿಟ್ಟು ನೋಡಿದೆ, ಮತ್ತೆ ಮೇಲಿನವನು ಕೈ ಬಿಡಲಿಲ್ಲ ಎಂದು ಆಕಾಶ ತೋರಿಸಿದರು.

ನಮ್ಮ ಕಡೆ ಕಲ್ಲಿನ ಕೋರೆ ಎಂದರೆ ಕೆಂಪು ಗುಂಡಿ. ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತು ಎಮ್ಮೆ ಈಜುತ್ತದೆ. ರಾಜಸ್ಥಾನದ ಆ ಗಣಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ನನ್ನ ಬಾಯಿ ಕಾಕ ಹೇಳದೆಯೇ ಮುಚ್ಚಿತು. ದೈತ್ಯನೊಬ್ಬ ಹತ್ತಿ ಇಳಿಯಲು ಮಾಡಿಸಿದ ಮೆಟ್ಟಿಲುಗಳ ಹಾಗೆ ಬಿಳಿ ಗೋಡೆ ಹಂತಹಂತವಾಗಿ ಕೆಳಗಿಳಿದಿತ್ತು. ತಳದಲ್ಲಿದ್ದ ಜೆಸಿಬಿ ಮಕ್ಕಳ ಆಟಿಕೆಯಷ್ಟು ಕಾಣುತ್ತಿತ್ತು. ಬಿಸಿಲು ಎಲ್ಲಿಂದ ಬರುತ್ತಿದೆ ಎಂದು ಹೇಳಲಾಗದಷ್ಟು ಸುತ್ತಲೂ ಬೆಳಕು. ಗಣಿಯ ಮ್ಯಾನೇಜರನ ಬಾಯಲ್ಲಿ ಸದಾ ಗುಟ್ಕಾ. ರಸ ಚೆಲ್ಲಬಾರದೆಂದು ಗಲ್ಲ ಮೇಲೆತ್ತಿ ಆಕಾಶದೊಡನೆ ಮಾತಾಡುವ ಮನುಷ್ಯ. ಸಂಜೆಯೊಳಗೆ ಅವನೂ ನನ್ನ ಐಟಂ ಆಗಿಬಿಟ್ಟ.

ಅವನು ತೋರಿಸಿದ ಬಂಡೆ ಒಂದು ಸಣ್ಣ ಕೋಣೆಯಷ್ಟಿತ್ತು. ಹಾಲಿನ ಕೆನೆಯ ಬಿಳುಪು, ಒಂದೇ ಕಡೆಗೆ ಹರಿಯುವ ಬೂದಿ ಬಣ್ಣದ ತೆಳು ಗೆರೆ. ಬಂಡೆ ನೋಡುವಾಗ ತನಗೂ ತೋರಿಸಬೇಕೆಂದು ಧಣಿಗಳು ಹೇಳಿದ್ದರಿಂದ ಮ್ಯಾನೇಜರ್ ತನ್ನ ಫೋನಿನಲ್ಲಿ ಪುತ್ತೂರಿಗೆ ವಿಡಿಯೋ ಕಾಲ್ ಹಚ್ಚಿದ. ಪರದೆಯಲ್ಲಿ ಧಣಿಗಳ ಅರ್ಧ ಮುಖ ಮತ್ತು ಫ್ಯಾನ್. ಕಾಕ ಸುತ್ತಿಗೆ ತೆಗೆದು ನಾಲ್ಕು ಕಡೆ ತಟ್ಟಿದರು. ತಲೆ ಓರೆ ಮಾಡಿದರು, ಕಣ್ಣು ಮುಚ್ಚಿದರು. ಒಂದು ಕಡೆ, ಕೆಳಗಿನ ಮೂಲೆಯಲ್ಲಿ, ನನ್ನ ಕಿವಿಗೆ ಸದ್ದು ಸರಿ ಬರಲಿಲ್ಲ. ಕಾಕ ಕಣ್ಣು ತೆರೆದು ಆ ಮಾತು ಹೇಳಲು ಬಾಯಿ ತೆರೆಯುತ್ತಿದ್ದರು.

ಧಣಿಗಳಿಗೆ ಕೇಳುವ ಹಾಗೆ ಕಾಕನನ್ನು ತಡೆದರೆ ಎಲ್ಲ ಅಲ್ಲಿಗೇ ಮುಗಿಯಿತು. ತಡೆಯದಿದ್ದರೆ ಬಿರುಕು ಬಂಡೆ ಪಳ್ಳಿಗೆ ಹೋಗುತ್ತದೆ. ಬುದ್ಧಿವಂತನಾದವನು ಏನು ಮಾಡುತ್ತಿದ್ದನೋ ಗೊತ್ತಿಲ್ಲ. ನನಗೆ ಬರುವುದು ಒಂದೇ ವಿದ್ಯೆ. ಕಾಕನ ಕೈಯಿಂದ ಸುತ್ತಿಗೆ ಕಸಿದುಕೊಂಡು, ಗಲ್ಲ ಮೇಲೆತ್ತಿ, ಮ್ಯಾನೇಜರನ ದನಿಯಲ್ಲಿ ಊರಿನ ಹಲಸಿನಕಾಯಿ ಮಾರಲು ನಿಂತೆ. ಆ ಮೂಲೆಯನ್ನು ತಟ್ಟಿ, ಹೊಟ್ಟೆಯಿಂದ ದನಿ ತೆಗೆದು, ಕಾಕನ ಮುಖಕ್ಕೇ ಡಬ್, ಡಬ್ ಎಂದೆ.

"ಧಣಿ, ಈ ಹಲಸು ಪೂರ್ತಿ ಹಣ್ಣಾಗಿದೆ. ಇವತ್ತೇ ಕೊಯ್ದು ತಿನ್ಬೇಕು, ನಾಳೆಗೆ ಒಡೀತದೆ."

ಪುತ್ತೂರಿನಲ್ಲಿ ಧಣಿಗಳು ನಗುವುದು ಕೇಳಿಸಿತು. ನಮ್ಮಲ್ಲಿ ಹಲಸನ್ನು ತಟ್ಟಿ ನೋಡದವರು ಯಾರು? ಕಾಯಿಯ ಸದ್ದು ಬಿಗಿ, ಹಣ್ಣಿನ ಸದ್ದು ಡಬ್. ಮ್ಯಾನೇಜರನಿಗೆ ಒಂದೂ ಅರ್ಥವಾಗದೆ ಅವನೂ ನಕ್ಕ. ಕಾಕ ಮಾತ್ರ ನನ್ನ ಬಾಯಿಯನ್ನೇ ನೋಡಿದರು. ಮುಖದಲ್ಲಿ ಏನೂ ತೋರಿಸದೆ ಒಂದು ಬಕೆಟ್ ನೀರು ತರಲು ಸನ್ನೆ ಮಾಡಿದರು.

ಆ ಮೂಲೆಗೆ ನೀರು ಹೊಯ್ದು ನಾವು ಬಿಸಿಲಿನಲ್ಲಿ ನಿಂತು ಕಾದೆವು. ಕಲ್ಲಿನ ಮೈ ಬೇಗ ಒಣಗುತ್ತದೆ. ಬಿರುಕು ಕುಡಿದ ನೀರು ಬೇಗ ಆರುವುದಿಲ್ಲ. ಸುತ್ತ ಎಲ್ಲ ಬೆಳ್ಳಗಾದ ಮೇಲೆ ಕೆಳಗಿನ ಮೂಲೆಯಿಂದ ಮೇಲಕ್ಕೆ ತಲೆಗೂದಲಿನಷ್ಟು ಸಣ್ಣ ಒದ್ದೆ ಗೆರೆಯೊಂದು ಉಳಿಯಿತು. ಕಾಕ ಅದರ ಮೇಲೆ ಬೆರಳಾಡಿಸಿ ಫೋನಿಗೆ ತೋರಿಸಿದರು. ಮೇಸ್ತ್ರಿಯ ಕಿವಿ ಅಂದರೆ ಕಿವಿ ಎಂದು ಧಣಿಗಳು ಆ ಕಡೆಯಿಂದ ಹೊಗಳಿದರು. ಫೋನಿಗೆ ನನ್ನ ಮುಖ ಕಾಣಬಾರದೆಂದು ನಾನು ಬಂಡೆಯ ಹಿಂದೆ ಹೋಗಿ ನಿಂತೆ.

ಆ ಬಿಳುಪಿನ ಬೇರೆ ಬಂಡೆ ಕೊಯ್ದಿಟ್ಟದ್ದು ಇರಲಿಲ್ಲ. ಹೊಸದಾಗಿ ಗೋಡೆ ಬಿಡಿಸಿ ತೆಗೆಯಬೇಕು, ಅಷ್ಟರವರೆಗೆ ನಿಲ್ಲಬೇಕು ಎಂದ ಮ್ಯಾನೇಜರ್. ನಿಂತೆವು. ಈಗ ನೆನೆಸಿದರೆ ನನ್ನ ಕೆಲಸದ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ದಿನಗಳು ಇರಲಿಲ್ಲ. ಬೆಳಿಗ್ಗೆ ಮಜ್ಜಿಗೆ, ಮಧ್ಯಾಹ್ನ ಅಂಗೈ ದಪ್ಪದ ರೊಟ್ಟಿ. ಕುಚ್ಚಲಕ್ಕಿ ಗಂಜಿ ಎಲ್ಲಾದರೂ ಸಿಗುತ್ತದಾ ಎಂದು ಕಾಕ ನನ್ನ ಕೈಯಲ್ಲಿ ಹಿಂದಿಯಲ್ಲಿ ಕೇಳಿಸುತ್ತಿದ್ದರು. ನಾನು ಯಾವ ಹಿಂದಿಯಲ್ಲಿ ಕೇಳುತ್ತಿದ್ದೆನೋ, ಒಮ್ಮೆ ಎಮ್ಮೆಗೆ ಹಾಕುವ ಬೂಸಾ ತಂದುಕೊಟ್ಟರು.

ಗೋಡೆ ಬಿಡಿಸುವುದನ್ನು ನಾವಿಬ್ಬರೂ ಕೊಡೆ ಹಿಡಿದು ಕೂತು ನೋಡಿದೆವು. ಮೊದಲು ಮೇಲಿನಿಂದ ಕೆಳಕ್ಕೆ ಒಂದು ತೂತು, ಎದುರಿನಿಂದ ಒಳಕ್ಕೆ ಇನ್ನೊಂದು ತೂತು. ಎರಡೂ ಕಲ್ಲಿನ ಹೊಟ್ಟೆಯೊಳಗೆ ಕತ್ತಲಲ್ಲಿ ಒಂದನ್ನೊಂದು ಸೇರಬೇಕು. ಸೇರಿತು ಎಂದು ಗೊತ್ತಾಗುವುದು ಮೇಲಿಂದ ಬಿಟ್ಟ ನೀರು ಎದುರಿನ ತೂತಿನಲ್ಲಿ ಹೊರಬಂದಾಗ. ಆಮೇಲೆ ವಜ್ರದ ಪುಡಿಯ ಮಣಿ ಪೋಣಿಸಿದ ಉಕ್ಕಿನ ಹಗ್ಗವನ್ನು ಅದರಲ್ಲಿ ಹಾಯಿಸಿ, ಎರಡು ತುದಿ ಸೇರಿಸಿ, ಹಳಿಯ ಮೇಲಿನ ಮೆಷಿನಿಗೆ ಕಟ್ಟುತ್ತಾರೆ. ಮೆಷಿನ್ ಹಗ್ಗವನ್ನು ಸುತ್ತಿಸುತ್ತ ಸ್ವಲ್ಪಸ್ವಲ್ಪವೇ ಹಿಂದೆ ಸರಿಯುತ್ತದೆ. ಹಗ್ಗ ಕಲ್ಲನ್ನು ಗಟ್ಟಿ ಬೆಣ್ಣೆಯ ಹಾಗೆ ಕೊಯ್ಯುತ್ತದೆ. ನೀರು ನಿಂತರೆ ಮಣಿ ಸುಟ್ಟು ಹಗ್ಗ ತುಂಡಾಗಿ ಹಾವಿನ ಹಾಗೆ ಹಾರುತ್ತದಂತೆ. ಆದ್ದರಿಂದ ಆ ಕಡೆ ಯಾರೂ ನಿಲ್ಲುವ ಹಾಗಿಲ್ಲ. ಎಲ್ಲ ಬದಿ ಕೊಯ್ದಾದ ಮೇಲೆ ಸಂದಿಗೆ ನೀರು ತುಂಬುವ ಚೀಲ ತುರುಕಿ ಉಬ್ಬಿಸುತ್ತಾರೆ. ಕೆಳಗೆ ಮಣ್ಣು, ಕಲ್ಲುಚೂರುಗಳ ಹಾಸಿಗೆ. ಗೋಡೆ ಬಹಳ ಹೊತ್ತು ಯೋಚಿಸುತ್ತ ನಿಂತು, ಮತ್ತೆ ಒಮ್ಮೆಲೇ ಆ ಹಾಸಿಗೆಯ ಮೇಲೆ ಮಲಗಿತು. ಕೂತಲ್ಲಿ ನೆಲ ನಡುಗಿತು. ಕಾಕ ನನ್ನ ಕೈ ಹಿಡಿದು ಹೇಳಿದರು, ಇದು ನನಗೂ ಕೇಳಿತು ಮಾರಾಯ.

ಅದನ್ನು ಬಂಡೆಗಳಾಗಿ ತುಂಡು ಮಾಡುವಷ್ಟು ದಿನ ನಾವು ಅಭ್ಯಾಸ ಮಾಡಿದೆವು. ಬಿದ್ದ ಚೂರುಗಳನ್ನು ತಟ್ಟುವುದು ಅವರು, ದನಿ ಕೊಡುವುದು ನಾನು. ಮೊದಮೊದಲು ನಾನು ಕಲ್ಲಿನ ಹಾಗೆಯೇ ತೀಕ್ಷ್ಣವಾಗಿ ಠಣ್ ಎಂದರೆ ಅವರಿಗೆ ಕೇಳುತ್ತಿರಲಿಲ್ಲ. ಕಿವಿ ಸೋತದ್ದೇ ಆ ಎತ್ತರದ ದನಿಗೆ. ಹಾರ್ಮೋನಿಯಂನವರು ಶ್ರುತಿ ಇಳಿಸುವ ಹಾಗೆ ನಾನು ಕಲ್ಲಿನ ದನಿಯನ್ನು ಕೆಳಗಿಳಿಸಬೇಕಾಯಿತು. ದನಿ ಎಷ್ಟು ಹೊತ್ತು ಉಳಿಯಿತು, ಎಲ್ಲಿ ನಡುಗಿತು, ಕೊನೆಯಲ್ಲಿ ಹೇಗೆ ಸತ್ತಿತು, ಅಷ್ಟನ್ನೂ ಬಿಡದೆ ಹೇಳಬೇಕು. ಬಾಲ ನುಂಗಬೇಡ ಎಂದು ಬೈಯುವರು. ಅಂಗಡಿಯಲ್ಲಿ ಹತ್ತು ಜನರ ದನಿ ಮಾಡುವ ನಾನು ಒಂದು ಕಲ್ಲಿನ ದನಿಗೆ ಇಡೀ ದಿನ ಒದ್ದಾಡಿದೆ. ಅಲ್ಲಿಯವರೆಗೆ ನನ್ನ ಮಿಮಿಕ್ರಿ ಕೇಳಿ ಯಾರೂ ಏನನ್ನೂ ತೀರ್ಮಾನಿಸಿರಲಿಲ್ಲ, ನಕ್ಕು ಎದ್ದು ಹೋಗುತ್ತಿದ್ದರು ಅಷ್ಟೆ. ಇಲ್ಲಿ ನನ್ನ ಬಾಯಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಒಂದು ಊರಿನ ನೆಲ ಒಡೆಯುತ್ತದೆ.

ಹೊಸ ಬಂಡೆಗಳಲ್ಲಿ ಒಂದನ್ನು ಕಾಕ ಎಲ್ಲ ಬದಿ ತಟ್ಟಿದರು. ನಾನು ಅವರ ಎಡಗಡೆ ಕುಳಿತು ಮೆಲ್ಲಗೆ ಹೇಳುತ್ತ ಹೋದೆ. ಒಳ್ಳೇದುಂಟು ಎಂದರು. ಬದಲಿಸಿಕೊಡಬಾರದೆಂದು ಅದರ ಮೈಮೇಲೆ ಕೆಂಪು ಪೇಂಟಿನಲ್ಲಿ ಅಂಗಡಿಯ ಗುರುತು ಹಾಕಿದೆವು. ಅಲ್ಲಿಂದ ಅದು ಕೊಯ್ಯುವ ಕಾರ್ಖಾನೆಗೆ ಹೋಯಿತು. ಅಲ್ಲಿ ಸಾಲಾಗಿ ಜೋಡಿಸಿದ ಉಕ್ಕಿನ ಅಲಗುಗಳು ಉಯ್ಯಾಲೆಯ ಹಾಗೆ ಹಿಂದೆ ಮುಂದೆ ತೂಗುತ್ತ, ಮೇಲಿಂದ ನೀರು ಬೀಳುತ್ತ, ಇಡೀ ಬಂಡೆಯನ್ನು ಒಂದೇ ಸಲ ಬ್ರೆಡ್ಡಿನ ಹಾಗೆ ಸೀಳುತ್ತವೆ. ಸ್ಲ್ಯಾಬುಗಳನ್ನು ಒಣಗಿಸಿ, ಹಿಂಬದಿಗೆ ಬಲೆ ಅಂಟಿಸಿ, ಮುಂದಿನ ಮೈಯ ಸೂಜಿರಂಧ್ರಗಳಿಗೆ ಅಂಟು ಕುಡಿಸುತ್ತಾರೆ. ಬಂಡೆಯಲ್ಲಿದ್ದ ಸಾಲು ತಪ್ಪದ ಹಾಗೆ ಕಾಕ ಪ್ರತಿಯೊಂದರ ಬೆನ್ನಿಗೂ ಕ್ರಮಸಂಖ್ಯೆ ಬರೆದರು. ಲಾರಿಯಲ್ಲಿ ಸ್ಲ್ಯಾಬನ್ನು ಮಲಗಿಸುವ ಹಾಗಿಲ್ಲ; ಮಲಗಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಮರದ ಚೌಕಟ್ಟಿಗೆ ಒರಗಿ ನಿಂತುಕೊಂಡೇ ಅದು ಪುತ್ತೂರಿಗೆ ಬಂತು. ನಮ್ಮ ರೈಲಿನ ಸೀಟಿನ ಕತೆಯೂ ಹೆಚ್ಚುಕಡಿಮೆ ಅದೇ ಆಗಿತ್ತು.

ಪಳ್ಳಿಯ ಹಳೆ ನೆಲ ಕೆತ್ತಿದಾಗ ಅಡಿಯಲ್ಲಿ ನಮ್ಮ ಊರಿನ ಕೆಂಪು ಮಣ್ಣು. ಅದರ ತೇವ ಮೇಲೆ ಹತ್ತಿದರೆ ಬಿಳಿ ಮಾರ್ಬಲ್ ಮಳೆಗಾಲದ ಪಂಚೆಯ ಬಣ್ಣಕ್ಕೆ ತಿರುಗುತ್ತದೆ. ಕಾಕ ಅಡಿಗೆ ಕಾಂಕ್ರೀಟು, ದಪ್ಪ ಪ್ಲಾಸ್ಟಿಕ್ ಹಾಸಿಸಿ, ಮೇಲೆ ತೊಳೆದ ಹೊಳೆ ಮರಳು, ಕಲ್ಲಿಗೆ ತಾಗುವಲ್ಲಿ ಬಿಳಿ ಸಿಮೆಂಟ್ ಎಂದು ಹಟ ಹಿಡಿದರು. ದಾರ ಕಟ್ಟಿ, ಮಟ್ಟ ನೋಡಿ, ಒಂದೊಂದು ಕಲ್ಲನ್ನೂ ರಬ್ಬರ್ ಸುತ್ತಿಗೆಯಿಂದ ಕೂರಿಸಿ, ಅಡಿಯ ಹಾಸು ಗಟ್ಟಿಯಾದ ಮೇಲೆ ತಟ್ಟುವರು. ನಾನು ಹಿಂದಿನಿಂದ ಮೆಲ್ಲಗೆ ಠಣ್ ಎನ್ನುವೆನು. ಇವನಿಗೆ ಇಲ್ಲಿಯೂ ಸುಮ್ಮನಿರ್ಲಿಕ್ಕೆ ಆಗುದಿಲ್ಲ ಎಂದು ನೋಡಲು ಬಂದವರು ಬೈದದ್ದುಂಟು. ನಮಾಜಿನ ಹೊತ್ತಿಗೆ ಎಲ್ಲರೂ ಪಕ್ಕದ ಮದ್ರಸದ ಜಗಲಿಗೆ ಹೋಗುತ್ತಿದ್ದರು. ನಾನು ಒಬ್ಬನೇ ಆ ಬಿಳುಪಿನ ನಡುವೆ ಕೂತಿರುತ್ತಿದ್ದೆ. ಆಗ ಮಾತ್ರ ನನಗೆ ಯಾರ ದನಿಯನ್ನೂ ಮಾಡಬೇಕೆನಿಸುತ್ತಿರಲಿಲ್ಲ.

ಎಡವಟ್ಟು ಬಂದದ್ದು ಪ್ರೀತಿಯ ರೂಪದಲ್ಲಿ. ಪಳ್ಳಿ ಕಮಿಟಿಯ ಅಧ್ಯಕ್ಷರು ಬಹಳ ಮುತುವರ್ಜಿಯ ಮನುಷ್ಯ. ಸಿಮೆಂಟಿನ ನೆಲ ಹಾಕಿದರೆ ನೀರು ಕಟ್ಟಿ ಕ್ಯೂರಿಂಗ್ ಮಾಡಬೇಕೆಂಬುದು ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು. ಮಾರ್ಬಲಿಗೂ ಅದು ಬೇಕೆಂದು ಅವರು ಯಾರನ್ನೂ ಕೇಳದೆ ತೀರ್ಮಾನಿಸಿ, ಕೊನೆಗೆ ಹಾಕಿದ ಸಾಲಿನ ಮೇಲೆ ಮನೆಯಿಂದ ಗೋಣಿಚೀಲ ತಂದು ಹಾಸಿ, ಸಂಜೆ ಸ್ವತಃ ನೀರು ಹೊಯ್ದು ಹೋದರು. ಅಡಿಕೆ ತುಂಬಿಸಿಟ್ಟಿದ್ದ ಗೋಣಿ. ಮರುದಿನ ಎಳೆದು ತೆಗೆದಾಗ ಬಿಳಿ ಕಲ್ಲಿನ ಮೇಲೆ ಗೋಣಿಯ ನೇಯ್ಗೆ ಸಮೇತ ಚಹಾ ಬಣ್ಣದ ಕಲೆ. ಅಧ್ಯಕ್ಷರು ಕುಸಿದು ಕೂತರು. ಕಾಕ ಸೋಡಾ ಮತ್ತು ಸೀಮೆಸುಣ್ಣದ ಪುಡಿ ಕಲಸಿ ಬಳಿದರು. ಹೆಚ್ಚಿನವು ತಿಳಿಯಾದವು. ಕಲೆ ಆಳಕ್ಕಿಳಿದ ಕೆಲವು ಕಲ್ಲುಗಳನ್ನು ಎಬ್ಬಿಸಿ, ಉಳಿಕೆಯ ಸ್ಲ್ಯಾಬಿನಿಂದ ಬೇರೆ ಹಾಕಬೇಕಾಯಿತು. ಪಾಲಿಶಿನವರು ಬರುವ ದಿನ ನಿಗದಿಯಾಗಿತ್ತು. ಧಣಿಗಳು ಅದೇ ಹೊತ್ತಿಗೆ ನನ್ನನ್ನು ಬೇರೆ ಲೋಡಿನ ಹಿಂದೆ ಸುಳ್ಯಕ್ಕೆ ಕಳಿಸಿದ್ದರು. ಹಾಗಾಗಿ ಆ ಕಲ್ಲುಗಳನ್ನು ಕಾಕ ಒಬ್ಬರೇ ಅವಸರದಲ್ಲಿ ಹಾಕಿದರು. ಅವುಗಳ ದನಿಯನ್ನು ಯಾರೂ ಕೇಳಲಿಲ್ಲ.

ನಾನು ಸುಳ್ಯದಿಂದ ನೇರ ಪಳ್ಳಿಗೆ ಬಂದಾಗ ಪಾಲಿಶ್ ಮೆಷಿನ್ ಪಿಕಪ್ಪಿನಿಂದ ಇಳಿಯುತ್ತಿತ್ತು. ಅದಕ್ಕೆ ಹೆಗಲು ಕೊಡು ಎಂದು ಧಣಿಗಳು ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಒಳಗೆ ಹೋದರು. ಪಾಲಿಶಿನ ಮೊದಲ ಸುತ್ತು ಎಲ್ಲ ಕಲ್ಲನ್ನೂ ತಿಕ್ಕಿ ಒಂದೇ ಮಟ್ಟಕ್ಕೆ ತರುತ್ತದೆ. ಅದಾದ ಮೇಲೆ ಒಂದನ್ನು ಎಬ್ಬಿಸಿ ಹಾಕಿದರೆ ಅದು ಎಂದೂ ಸಮ ಕೂರುವುದಿಲ್ಲ. ಆದ್ದರಿಂದ ಶುರುಮಾಡುವ ಮೊದಲು ಮೇಸ್ತ್ರಿಯ ಬಾಯಿಂದ ಒಂದು ಮಾತು ಕೇಳುವುದು ನಮ್ಮ ಅಂಗಡಿಯ ಕ್ರಮ. ಮೆಷಿನ್ ಇಳಿಸಿ ನಾನು ಬಾಗಿಲಿಗೆ ಓಡಿ ಬಂದಾಗ ಕಾಕ ಆ ಹೊಸ ಕಲ್ಲುಗಳ ಮುಂದೆ ಕೂತಿದ್ದರು, ಕೈಯಲ್ಲಿ ಸುತ್ತಿಗೆ. ಧಣಿಗಳು, ಅಧ್ಯಕ್ಷರು ನಿಂತು ನೋಡುತ್ತಿದ್ದರು.

ಕಾಕ ತಟ್ಟಿದರು. ಬಾಗಿಲಲ್ಲಿದ್ದ ನನಗೆ ಕೇಳಿಸಿತು, ಡಬ್.

ಅವರು ತಲೆಯೆತ್ತಿ ನನ್ನನ್ನು ಹುಡುಕಿದರು. ನಾನು ಬಾಯಿ ಅಗಲಿಸಿ, ಸದ್ದಿಲ್ಲದೆ, ಅದನ್ನೇ ಹೇಳಿದೆ. ಆದರೆ ನನ್ನ ಬೆನ್ನ ಹಿಂದೆ ಅಂಗಳದ ಬಿಸಿಲು. ಒಳಗಿನವರಿಗೆ ನನ್ನ ಮುಖ ಬರೀ ಕಪ್ಪು. ಕಾಕ ಕಣ್ಣು ಕಿರಿದು ಮಾಡಿ ನೋಡಿದರು. ಎಲ್ಲರೂ ಆ ಒಂದು ಮಾತಿಗೆ ಕಾಯುತ್ತಿದ್ದರು. ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಮೇಲಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅಡಿಯ ಪೊಳ್ಳು ಬಿರುಕು ಬಿಡುವ ಹೊತ್ತಿಗೆ ಎಷ್ಟೋ ಕಾಲ ಕಳೆದಿರುತ್ತದೆ. ಅವರು ಸುತ್ತಿಗೆಯನ್ನು ನೆಲದ ಮೇಲಿಟ್ಟರು.

"ಧಣಿ, ನನಗೆ ಕೇಳುದಿಲ್ಲ. ಕಿವಿ ಹೋಗಿ ಸಮಯ ಆಯ್ತು. ಇಷ್ಟು ದಿನ ಇವನ ಕಿವಿಯಲ್ಲಿ ಕೆಲಸ ಮಾಡಿದ್ದು ನಾನು. ಇಲ್ಲಿ ಅಂದಾಜಿನಲ್ಲಿ ಒಳ್ಳೇದುಂಟು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಅವನನ್ನು ಒಳಗೆ ಕರೀರಿ, ಎಲ್ಲ ತಟ್ಟಿ ನೋಡ್ಲಿ."

ಧಣಿಗಳು ಕಾಕನನ್ನು ಅಂಗಳದ ಮೂಲೆಗೆ ಕರೆದುಕೊಂಡು ಹೋದರು. ಗುಟ್ಟಾಗಿ ಮಾತಾಡುವ ಉದ್ದೇಶ. ಆದರೆ ಕೇಳದವರೊಡನೆ ಗುಟ್ಟು ಮಾತಾಡುವುದು ಹೇಗೆ? ಧಣಿಗಳು ಸಿಟ್ಟಿನಲ್ಲಿ ಕೂಗಿದರು, ಕಾಕ ಅಭ್ಯಾಸದಲ್ಲಿ ಕೂಗಿದರು. ನನ್ನ ಹತ್ತಿರ ಒಂದು ಮಾತು ಹೇಳಬಾರದಾ, ಬಂಡೆ ಒಡೆದು ಬಂದಿದ್ದರೆ ಅಂಗಡಿಯ ಗತಿ ಏನು ಎಂಬುದು ರಸ್ತೆಯಾಚೆಯ ಹೋಟೆಲಿನವರೆಗೆ ಕೇಳಿಸಿತು. ಈ ನೆಲ ಮುಗಿಸಿ, ಮುಂದಿನದ್ದು ಮತ್ತೆ ನೋಡುವ ಎಂದು ಧಣಿಗಳು ಕೊನೆಗೆ ಹೇಳಿದರು. ಮತ್ತೆ ನೋಡುವ ಎಂದರೆ ಇನ್ನು ಕೆಲಸ ಇಲ್ಲ ಎಂದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಕಾಕನಿಗೂ ಗೊತ್ತಿತ್ತು. ಅವರು ತಲೆಯಾಡಿಸಿ ಒಳಗೆ ಬಂದು, ಮೊಣಕಾಲಿನ ಟಯರು ಬಿಗಿ ಮಾಡಿ, ನನಗೆ ಮೂಲೆ ತೋರಿಸಿದರು.

ಆ ದಿನ ಇಡೀ ಪಳ್ಳಿಯ ನೆಲವನ್ನು ನಾನು ಮೊಣಕಾಲಿನಲ್ಲಿ ನಡೆದು ತಟ್ಟಿದೆ. ಅಡಗಿಸುವ ಅಗತ್ಯವಿರಲಿಲ್ಲ, ದನಿ ಬಿಟ್ಟೇ ಹೇಳಿದೆ. ಕಾಕ ಪಕ್ಕದಲ್ಲಿ ತೆವಳುತ್ತ ಕೇಳಿದರು. ಅಧ್ಯಕ್ಷರು ಮೊದಲು ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಅವರೂ ಬಾಗಿ ಕಿವಿಗೊಟ್ಟು, ಇದು ಹೇಗುಂಟು, ಅದು ಹೇಗುಂಟು ಎಂದು ಕೇಳತೊಡಗಿದರು. ಕೆಟ್ಟದ್ದು ಕಾಕ ಮೊದಲು ತಟ್ಟಿದ ಆ ಒಂದೇ ಕಲ್ಲು. ತೆಳು ಬ್ಲೇಡಿನಿಂದ ಸಂದು ಬಿಡಿಸಿ, ಉಳಿ ತೂರಿಸಿ, ಅಕ್ಕಪಕ್ಕದ ಕಲ್ಲಿನ ಅಂಚು ಹಾರದ ಹಾಗೆ ಕಾಕ ಅದನ್ನು ಎಬ್ಬಿಸಿದರು. ಅಡಿಯಲ್ಲಿ ಒಂದು ಅಂಗೈ ಹಿಡಿಯುವಷ್ಟು ಜಾಗದಲ್ಲಿ ಮರಳು ಕುಸಿದಿತ್ತು. ಹೊಸ ಹಾಸು ಹಾಕಿ, ಅದೇ ಕಲ್ಲನ್ನು ಕೂರಿಸಿ, ಗಟ್ಟಿಯಾಗಲು ಬಿಟ್ಟು ನಾವು ಮನೆಗೆ ಹೋದೆವು.

ಕೆಲವು ದಿನ ಕಳೆದು ನಾನು ಅದನ್ನು ತಟ್ಟಿದೆ. ಠಣ್ ಎಂದಿತು. ಕಾಕನಿಗೆ ದನಿ ಕೊಡಲು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು. ನನ್ನ ಮುಖ ನೋಡಿದ್ದರಂತೆ, ಅಷ್ಟು ಸಾಕಂತೆ. ಪಾಲಿಶಿನವನಿಗೆ ಸನ್ನೆ ಮಾಡಿದರು.

ಮೆಷಿನ್ ಶುರುವಾಯಿತು. ಆ ಸದ್ದು ಕೇಳಿದವರಿಗೇ ಗೊತ್ತು, ಹಲ್ಲಿನ ಬುಡ ನಡುಗುತ್ತದೆ. ನೆಲದಲ್ಲಿ ನೀರು ಬಿಳಿ ಕೆಸರಾಗಿ ಹರಿಯಿತು. ಆ ಹೊತ್ತಿಗೆ ಧಣಿಗಳು ಬಾಗಿಲಿಗೆ ಬಂದರು. ಪ್ಯಾಂಟು ಮಡಚಿ ಹಿಡಿದು, ಕೆಸರಿಗೆ ಕಾಲಿಡದೆ, ಅಲ್ಲಿಂದಲೇ ಏನೋ ಕೇಳಿದರು. ನನಗೆ ಒಂದಕ್ಷರ ಗೊತ್ತಾಗಲಿಲ್ಲ. ಇನ್ನೊಮ್ಮೆ ಕೇಳಿದರು. ನಾನು ಕಿವಿಗೆ ಕೈ ಹಿಡಿದೆ. ಅಧ್ಯಕ್ಷರು ಎರಡೂ ಕೈ ಮೇಲೆತ್ತಿದರು. ಅಷ್ಟು ಜನರಲ್ಲಿ ಅದು ತಿಳಿದದ್ದು ಒಬ್ಬರಿಗೆ ಮಾತ್ರ. ಕಂಬಕ್ಕೆ ಒರಗಿ ಕೂತಿದ್ದ ಕಾಕ ಧಣಿಗಳ ತುಟಿಯನ್ನು ಕೊನೆಯವರೆಗೂ ನೋಡಿ, ಮೆಷಿನಿನ ಮೇಲಿಂದ ಕೂಗಿ ಉತ್ತರಿಸಿದರು.

"ರಾಜಸ್ಥಾನಕ್ಕೆ ಇಬ್ಬರು ಹೋಗುದು ಬೇಡ ಧಣಿ. ಇನ್ನು ಬಂಡೆಗೆ ಇವನನ್ನೇ ಕಳಿಸಿ. ನನಗೆ ಇಲ್ಲಿ ಕೆಲಸ ಉಂಟು."

ಧಣಿಗಳು ತಲೆಯಾಡಿಸಿ ಹೊರಗೆ ಹೋದರು. ನಾನು ಒಬ್ಬನೇ ಹೋಗುವುದಿಲ್ಲ, ನೀವೂ ಬರಬೇಕು ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಕಾಕ ನನ್ನ ತುಟಿ ನೋಡಿದರು, ಅಷ್ಟನ್ನೂ ತಿಳಿದುಕೊಂಡರು, ನಕ್ಕರು. ನಾನು ಇನ್ನೊಂದು ಮಾತು ಸೇರಿಸುವ ಮೊದಲೇ ಮುಖವನ್ನು ಆ ಕಡೆ ತಿರುಗಿಸಿದರು.